ಕಪ್ಪಿನ ಪಕ್ಕದ ಬಣ್ಣಗಳು: ಇಂಗ್ಲಿಷಿನಲ್ಲಿ ಅವನ್ನು ಕರಾರುವಾಕ್ಕಾಗಿ ಹೇಳುವುದು ಹೇಗೆ?

ಆನ್‌ಲೈನ್‌ನಲ್ಲಿ ಸೀರೆ ಮಾರುವವರು ಬಣ್ಣದ ಜಾಗದಲ್ಲಿ ಎಷ್ಟೋ ಸಲ ಸುಮ್ನೆ ‘ಡಾರ್ಕ್ ಬ್ಲೂ’ ಅಂತ ಹಾಕಿಬಿಡುತ್ತಾರೆ. ಆ ಎರಡೇ ಪದದೊಳಗೆ ಶಾಲೆ ಯೂನಿಫಾರ್ಮಿನ ನೀಲಿ ಬರುತ್ತದೆ, ಹೊಸ ಜೀನ್ಸ್ ಪ್ಯಾಂಟಿನ ನೀಲಿ ಬರುತ್ತದೆ, ಪೆನ್ನಿನ ಮಸಿಯ ನೀಲಿ ಬರುತ್ತದೆ. ಟ್ಯೂಬ್‌ಲೈಟಿನಲ್ಲಿ ಪೂರ್ತಿ ಕಪ್ಪಾಗಿ ಕಂಡು, ಬಿಸಿಲಿಗೆ ಹಿಡಿದಾಗ ಮಾತ್ರ ನೀಲಿ ಅಂತ ಗೊತ್ತಾಗುವ ಬಣ್ಣವೂ ಅದರೊಳಗೇ ಬರುತ್ತದೆ. ಕೊಳ್ಳುವವರು ಒಂದನ್ನು ನೆನೆಸಿಕೊಂಡು ತರಿಸುತ್ತಾರೆ, ಪಾರ್ಸೆಲ್ ಬಿಚ್ಚಿದರೆ ಇನ್ನೊಂದು. ತಿಳಿ ಬಣ್ಣಗಳಲ್ಲಿ ಈ ತಾಪತ್ರಯ ಕಡಿಮೆ. ಆಕಾಶ ನೀಲಿ ಯಾವುದು, ಗಿಳಿ ಹಸಿರು ಯಾವುದು ಅಂತ ಫೋಟೊ ನೋಡಿದರೇ ಗೊತ್ತಾಗುತ್ತದೆ. ಕಡು ಬಣ್ಣ ಬಂದಾಗ ಮೊಬೈಲ್ ಕ್ಯಾಮೆರಾ ಕೈಕೊಡುತ್ತದೆ. ಅಲ್ಲಿ ಪದವೇ ಕೆಲಸ ಮಾಡಬೇಕು.

ಸೀರೆ ಒಂದು ಉದಾಹರಣೆ ಅಷ್ಟೆ. ಹಕ್ಕಿ ನೋಡಿ ಟಿಪ್ಪಣಿ ಮಾಡಿಕೊಳ್ಳುವವರು, ಮಣ್ಣಿನ ಸರ್ವೆ ಮಾಡುವವರು, ವೆಬ್‌ಸೈಟ್ ವಿನ್ಯಾಸ ಮಾಡುವವರು, ಇಂಗ್ಲಿಷಿನಲ್ಲಿ ಕತೆ ಬರೆಯುವವರು, ಎಲ್ಲರಿಗೂ ಇದೇ ಗೋಳು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ದಾರಿ ಇದೆ. ಎರಡು ಮೂರು ಪದಗಳನ್ನು ಜೋಡಿಸಿ ಒಂದೇ ಗುಣವಾಚಕ ಮಾಡಿಕೊಳ್ಳುವುದು: ಬ್ಲೂ-ಬ್ಲ್ಯಾಕ್, ಡಾರ್ಕ್ ಗ್ರೇಯಿಷ್ ಬ್ರೌನ್, ಜೆಟ್-ಬ್ಲ್ಯಾಕ್, ಹೀಗೆ. ಮನಸ್ಸಿಗೆ ಬಂದ ಹಾಗೆ ಜೋಡಿಸಿದರೆ ಆಗುವುದಿಲ್ಲ. ಯಾವ ಪದ ಮುಂದೆ, ಯಾವುದು ಹಿಂದೆ, ನಡುವೆ ಗೆರೆ ಬೇಕೋ ಬೇಡವೋ ಅನ್ನುವುದರ ಮೇಲೆ ಬಣ್ಣವೇ ಬದಲಾಗುತ್ತದೆ.

ಕೊನೆಯ ಪದವೇ ಯಜಮಾನ

ಗ್ರೀನಿಷ್ ಬ್ಲ್ಯಾಕ್, ಬ್ಲ್ಯಾಕಿಷ್ ಗ್ರೀನ್. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ನೀರು ಮಜ್ಜಿಗೆಗೂ ಮಜ್ಜಿಗೆ ನೀರಿಗೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಗ್ರೀನಿಷ್ ಬ್ಲ್ಯಾಕ್ ಅಂದರೆ ಮೂಲದಲ್ಲಿ ಕಪ್ಪು, ಅದರೊಳಗೆ ಹಸಿರಿನ ಛಾಯೆ. ಬ್ಲ್ಯಾಕಿಷ್ ಗ್ರೀನ್ ಅಂದರೆ ಹಸಿರೇ, ಕಪ್ಪಿನ ಹತ್ತಿರ ಹೋಗಿ ನಿಂತಿದೆ. ಕೊನೆಗೆ ಬರುವ ಪದ ಬಣ್ಣದ ಮನೆತನ ಹೇಳುತ್ತದೆ. ಅದಕ್ಕೂ ಮೊದಲು ಬರುವ ಪದಗಳೆಲ್ಲ ಬಣ್ಣ ಆ ಮನೆಯಿಂದ ಯಾವ ಕಡೆಗೆ, ಎಷ್ಟು ದೂರ ಸರಿದಿದೆ ಅಂತ ಹೇಳುತ್ತವೆ.

ಹಾಗಾಗಿ ಕಡು ಬಣ್ಣ ಎದುರಿಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಇದು ಕಪ್ಪಾಗಿರುವ ಬಣ್ಣವೋ, ಬಣ್ಣ ಹತ್ತಿರುವ ಕಪ್ಪೋ? ಪರೀಕ್ಷೆ ಸುಲಭ. ವಸ್ತುವನ್ನು ಕಿಟಕಿ ಬೆಳಕಿಗೆ ಒಯ್ದು ಒಂಟಿಯಾಗಿ ನೋಡಿ. ಪಕ್ಕದಲ್ಲಿ ಏನೂ ಇಲ್ಲದೆಯೂ ‘ಇದು ನೀಲಿ’ ಅಂತ ಬಾಯಿಗೆ ಬಂದರೆ ಕೊನೆಯ ಪದ ಬ್ಲೂ. ಒಂಟಿಯಾಗಿದ್ದಾಗ ಕಪ್ಪು ಅನ್ನಿಸಿ, ಅಚ್ಚ ಕಪ್ಪು ಬಟ್ಟೆಯ ಪಕ್ಕ ಇಟ್ಟಾಗ ಮಾತ್ರ ನೀಲಿ ಇಣುಕಿದರೆ ಕೊನೆಯ ಪದ ಬ್ಲ್ಯಾಕ್. ಮೊದಲನೆಯದು ವೆರಿ ಡಾರ್ಕ್ ಬ್ಲೂ ಅಥವಾ ಬ್ಲ್ಯಾಕಿಷ್ ಬ್ಲೂ. ಎರಡನೆಯದು ಬ್ಲೂಯಿಷ್ ಬ್ಲ್ಯಾಕ್. ಇಷ್ಟು ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಾಗಾದರೆ ‘ಇಷ್’ ಇಲ್ಲದ ಬ್ಲೂ-ಬ್ಲ್ಯಾಕ್? ಅದರಲ್ಲಿ ಎರಡೂ ಬಣ್ಣಕ್ಕೆ ಹೆಚ್ಚುಕಡಿಮೆ ಸಮಪಾಲು. ನೀಲಿ ಬರೀ ಛಾಯೆಯಾಗಿ ಉಳಿಯದೆ ಎದ್ದು ಕಾಣುತ್ತದೆ, ಆದರೂ ತೂಕ ಕಪ್ಪಿನ ಕಡೆಗೇ. ಹೀಗೆ ಎರಡು ಬಣ್ಣದ ಹೆಸರುಗಳನ್ನು ಸಮವಾಗಿ ಸೇರಿಸಿದಾಗ ನಡುವೆ ಗೆರೆ ಇದ್ದರೆ ಒಳ್ಳೆಯದು. ಶಾಯಿ ಪೆನ್ನಿನಲ್ಲಿ ಬರೆದವರಿಗೆ ಈ ಹೆಸರು ಹೊಸದಲ್ಲ. ಹಳೆಯ ಕಾಲದ ಬ್ಲೂ-ಬ್ಲ್ಯಾಕ್ ಮಸಿಗೆ ಆ ಹೆಸರು ನಿಜಕ್ಕೂ ಒಪ್ಪುತ್ತಿತ್ತು. ಅದರಲ್ಲಿ ಕಬ್ಬಿಣದ ಲವಣವೂ ಟ್ಯಾನಿನ್ನೂ ಇರುತ್ತಿದ್ದವು. ಅವು ಗಾಳಿಯ ಆಮ್ಲಜನಕ ತಾಗಿದ ಮೇಲೆ ನಿಧಾನಕ್ಕೆ ಕಪ್ಪಾಗುತ್ತವೆ. ಬರೆಯುವಾಗಲೇ ಅಕ್ಷರ ಕಾಣಲಿ ಅಂತ ಜೊತೆಗೆ ನೀಲಿ ಬಣ್ಣ ಬೆರೆಸುತ್ತಿದ್ದರು. ಬರೆದಾಗ ನೀಲಿ, ಆಮೇಲೆ ಕಪ್ಪು.

ಇಂಥ ಬದಲಾಗುವ ಬಣ್ಣಗಳಿಗೆ ಒಂದೇ ಗುಣವಾಚಕ ಸಾಲದು, ಕ್ರಿಯಾಪದ ಬೇಕಾಗುತ್ತದೆ. ಮೈಸೂರಿನಲ್ಲಿ ತಯಾರಾಗುವ, 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಬೀಳುತ್ತಿರುವ ಮತದಾನದ ಶಾಯಿ ನೋಡಿ. ಹಚ್ಚಿದಾಗ ನೇರಳೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು ಬೆಳಕು ಬಿದ್ದ ಮೇಲೆ ಕಪ್ಪಿಗೆ ತಿರುಗುತ್ತದೆ. ‘ಪರ್ಪಲ್ ಇಂಕ್’ ಅಂದರೂ ಅರ್ಧ ಸತ್ಯ, ‘ಬ್ಲ್ಯಾಕ್ ಇಂಕ್’ ಅಂದರೂ ಅರ್ಧ ಸತ್ಯ. ‘ಇಟ್ ಗೋಸ್ ಆನ್ ವಯಲೆಟ್ ಅಂಡ್ ಡಾರ್ಕನ್ಸ್ ಟು ಎ ಪರ್ಪ್ಲಿಷ್ ಬ್ಲ್ಯಾಕ್’ ಅಂದರೆ ಓದಿದವರಿಗೆ ಬೆರಳೇ ಕಣ್ಣ ಮುಂದೆ ಬರುತ್ತದೆ.

ಡಾರ್ಕ್ ಬೇರೆ, ಡೀಪ್ ಬೇರೆ

ನಮ್ಮಲ್ಲಿ ಬಹಳ ಜನ ಡಾರ್ಕ್, ಡೀಪ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಇಂಗ್ಲಿಷ್ ಮಾತಾಡುವ ದೇಶಗಳಲ್ಲೂ ಮಾತಿನಲ್ಲಿ ಅಷ್ಟು ಭೇದ ಮಾಡುವುದಿಲ್ಲ. ಕರಾರುವಾಕ್ಕಾಗಿ ಬರೆಯಬೇಕು ಅಂದರೆ ಮಾತ್ರ ಭೇದ ಗೊತ್ತಿರಬೇಕು.

ಆಲ್ಬರ್ಟ್ ಮನ್ಸೆಲ್ ಅನ್ನುವ ಅಮೆರಿಕದ ಚಿತ್ರಕಲಾ ಶಿಕ್ಷಕ 1905ರಲ್ಲಿ ಬಣ್ಣವನ್ನು ಅಳೆಯುವ ಒಂದು ಕ್ರಮ ಪ್ರಕಟಿಸಿದ. ಅವನ ಪ್ರಕಾರ ಪ್ರತಿ ಬಣ್ಣಕ್ಕೂ ಮೂರು ಅಳತೆ. ಹ್ಯೂ ಅಂದರೆ ಕೆಂಪೋ ನೀಲಿಯೋ ಅನ್ನುವುದು. ವ್ಯಾಲ್ಯೂ ಅಂದರೆ ಎಷ್ಟು ತಿಳಿ, ಎಷ್ಟು ಕಡು ಅನ್ನುವುದು. ಅಚ್ಚ ಕಪ್ಪು 0, ಅಚ್ಚ ಬಿಳಿ 10. ಕ್ರೋಮಾ ಅಂದರೆ ಬಣ್ಣ ಎಷ್ಟು ತುಂಬಿಕೊಂಡಿದೆ, ಎಷ್ಟು ಬೂದಿಯಾಗಿದೆ ಅನ್ನುವುದು. ಡಾರ್ಕ್ ಅನ್ನುವ ಪದ ವ್ಯಾಲ್ಯೂ ಇಳಿದಿದೆ ಅಂತಷ್ಟೇ ಹೇಳುತ್ತದೆ. ಡೀಪ್ ಅಂದಾಗ ವ್ಯಾಲ್ಯೂ ಇಳಿದಿದ್ದರೂ ಕ್ರೋಮಾ ಗಟ್ಟಿಯಾಗಿದೆ, ಬಣ್ಣ ತುಂಬಿ ನಿಂತಿದೆ ಅಂತ ಅರ್ಥ. ಗ್ರೇಯಿಷ್ ಅಂದರೆ ಕ್ರೋಮಾ ಸೋರಿಹೋಗಿದೆ. ರೇಷ್ಮೆ ಸೀರೆಯ ಮೆರೂನ್ ಡೀಪ್ ರೆಡ್. ಅದೇ ಬಣ್ಣದ ಹತ್ತಿ ಬಟ್ಟೆ ವರ್ಷಗಟ್ಟಲೆ ಒಗೆದು ಸಪ್ಪೆಯಾದರೆ ಗ್ರೇಯಿಷ್ ರೆಡ್ ಕಡೆಗೆ ಬರುತ್ತದೆ. ಎರಡಕ್ಕೂ ‘ಡಾರ್ಕ್ ರೆಡ್’ ಅಂದುಬಿಟ್ಟರೆ ಅಂಗಡಿಯವರಿಗೂ ನಷ್ಟ, ಓದುವವರಿಗೂ ನಷ್ಟ.

ಇದನ್ನು ಪೂರ್ತಿ ಒಂದು ಪದಕೋಶವಾಗಿ ಕಟ್ಟಿದವರು ಔಷಧದವರ ಕಾಟಕ್ಕೆ ಕಟ್ಟಿದರು ಅನ್ನುವುದು ನನಗೆ ಇಷ್ಟವಾದ ಸಂಗತಿ. ಅಮೆರಿಕದ ಔಷಧ ಕೋಶದಲ್ಲಿ ಬೇರು, ತೊಗಟೆ, ಪುಡಿಗಳ ಬಣ್ಣ ಬರೆಯಬೇಕಿತ್ತು. ಒಬ್ಬರು ಬರೆದ ‘ಬ್ರೌನ್’ ಇನ್ನೊಬ್ಬರಿಗೆ ಬೇರೆಯಾಗಿ ಕಾಣುತ್ತಿತ್ತು. ವಿಜ್ಞಾನಕ್ಕೂ ಒಪ್ಪುವ, ಸಾಮಾನ್ಯ ಜನರಿಗೂ ಅರ್ಥವಾಗುವ ಹೆಸರುಗಳು ಬೇಕು ಅಂತ ಅವರು 1930ರ ದಶಕದಲ್ಲಿ ಕೇಳಿಕೊಂಡರು. ಬಣ್ಣದ ವಿಷಯದಲ್ಲಿ ಕೆಲಸ ಮಾಡುವ ಸಂಘಗಳ ಒಕ್ಕೂಟವೊಂದು ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಜೊತೆ ಸೇರಿ 1939ರಲ್ಲಿ ಒಂದು ಪಟ್ಟಿ ತಂದಿತು, 1955ರಲ್ಲಿ ಅದನ್ನು ತಿದ್ದಿತು. ಇರುವ ಬಣ್ಣಗಳನ್ನೆಲ್ಲ 267 ಹೆಸರುಗಳಿಗೆ ಇಳಿಸಿದ್ದಾರೆ. ಹೆಸರುಗಳಲ್ಲಿ ಕಾವ್ಯ ಇಲ್ಲ. ಮಿಡ್‌ನೈಟ್ ಇಲ್ಲ, ವೈನ್ ಇಲ್ಲ. ಡೀಪ್, ಡಾರ್ಕ್, ಗ್ರೇಯಿಷ್, ಬ್ಲ್ಯಾಕಿಷ್ ಇಂಥ ಕೆಲವೇ ಪದ, ಅವುಗಳ ಜೋಡಣೆ.

ನೀಲಿಯ ಕಡು ಭಾಗದಲ್ಲಿ ಆ ಪಟ್ಟಿ ಹೇಗೆ ಇಳಿಯುತ್ತದೆ ನೋಡಿ: ಡೀಪ್ ಬ್ಲೂ, ಡಾರ್ಕ್ ಬ್ಲೂ, ಡಾರ್ಕ್ ಗ್ರೇಯಿಷ್ ಬ್ಲೂ, ಬ್ಲ್ಯಾಕಿಷ್ ಬ್ಲೂ, ಕೊನೆಗೆ ಬ್ಲೂಯಿಷ್ ಬ್ಲ್ಯಾಕ್. ಮೊದಲನೆಯದರಲ್ಲಿ ಬಣ್ಣ ತುಂಬಿದೆ. ಹೋಗ್ತಾ ಹೋಗ್ತಾ ಬಣ್ಣ ಸೋರುತ್ತದೆ, ಕಪ್ಪು ಏರುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಯಜಮಾನಿಕೆಯೇ ಕೈಬದಲಾಗುತ್ತದೆ, ಬ್ಲೂ ಮುಂದೆ ಹೋಗಿ ಬ್ಲ್ಯಾಕ್ ಹಿಂದೆ ಬರುತ್ತದೆ. ಸೀರೆಗೋ ಗೋಡೆಗೋ ಬಣ್ಣ ಬರೆಯುವವರಿಗೆ ಈ ಐದು ಮೆಟ್ಟಿಲು ಸಾಕು.

ಅದೇ ಪಟ್ಟಿಯಲ್ಲಿ ಕಪ್ಪು ಏಳು ಬಗೆ. ಸುಮ್ಮನೆ ಕಪ್ಪು ಒಂದು. ಉಳಿದವು ರೆಡ್ಡಿಷ್, ಬ್ರೌನಿಷ್, ಆಲಿವ್, ಗ್ರೀನಿಷ್, ಬ್ಲೂಯಿಷ್, ಪರ್ಪ್ಲಿಷ್. ಇದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು, 1814ರಲ್ಲಿ, ಪ್ಯಾಟ್ರಿಕ್ ಸೈಮ್ ಅನ್ನುವ ಎಡಿನ್‌ಬರೋದ ಹೂವಿನ ಚಿತ್ರಕಾರ ಮಾಡಿದ ಬಣ್ಣದ ಕೈಪಿಡಿಯಲ್ಲೂ ಏಳು ಕಪ್ಪುಗಳಿದ್ದವು. ಚಾರ್ಲ್ಸ್ ಡಾರ್ವಿನ್ ಬೀಗಲ್ ಹಡಗಿನಲ್ಲಿ ಜೊತೆಗೆ ಒಯ್ದದ್ದು ಅದೇ ಕೈಪಿಡಿಯನ್ನು. ಸೈಮನ ಪಟ್ಟಿಯಲ್ಲಿ ಗ್ರೇಯಿಷ್, ಬ್ಲೂಯಿಷ್, ಗ್ರೀನಿಷ್ ಬ್ಲ್ಯಾಕ್‌ಗಳ ಜೊತೆ ಇಂಕ್ ಬ್ಲ್ಯಾಕ್, ವೆಲ್ವೆಟ್ ಬ್ಲ್ಯಾಕ್ ಕೂಡ ಇವೆ.

ಎರಡೂ ಪಟ್ಟಿಯಲ್ಲಿ ಯೆಲ್ಲೋಯಿಷ್ ಬ್ಲ್ಯಾಕ್ ಮಾತ್ರ ಇಲ್ಲ. ಇದಕ್ಕೆ ಕಾರಣ ನಮ್ಮ ಕಣ್ಣು. ನೀಲಿಯನ್ನು ಎಷ್ಟು ಕಡು ಮಾಡಿದರೂ ಬಹಳ ದೂರದವರೆಗೆ ಅದು ನೀಲಿಯಾಗಿಯೇ ಕಾಣುತ್ತದೆ. ಹಳದಿಗೆ ಕಪ್ಪು ಬೆರೆಸಿ ನೋಡಿ, ಸ್ವಲ್ಪ ಹೊತ್ತಿಗೇ ಅದು ಹಳದಿ ಅನ್ನಿಸುವುದು ನಿಲ್ಲುತ್ತದೆ, ಪಾಚಿ ಹಸಿರಿನ ಕಡೆ ಹೋಗುತ್ತದೆ. ಅದು ಆಲಿವ್. ಕಿತ್ತಳೆಗೆ ಕಪ್ಪು ಸೇರಿದರೆ ಬ್ರೌನ್. ಕಂದು ಅನ್ನುವುದು ಕಡು ಕಿತ್ತಳೆಯೇ ಅಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಜಲವರ್ಣದ ಡಬ್ಬಿ ಇದ್ದವರು ಬೆರೆಸಿ ನೋಡಬಹುದು.

ಹೀಗಿರುವಾಗ ‘ಡಾರ್ಕ್ ಆರೆಂಜ್’, ‘ಡಾರ್ಕ್ ಯೆಲ್ಲೋ’, ‘ಡಾರ್ಕ್ ಪಿಂಕ್’ ಅಂತ ಜನ ಹೇಳುವುದು ಏನನ್ನು? ಅಲ್ಲಿ ಡಾರ್ಕ್ ಪದಕ್ಕೆ ಅರ್ಥವೇ ಬೇರೆ. ಡಾರ್ಕ್ ಆರೆಂಜ್ ಅಂದರೆ ಕೆಂಪಿನ ಕಡೆ ವಾಲಿದ, ಗಟ್ಟಿ ಕಿತ್ತಳೆ. ಡಾರ್ಕ್ ಯೆಲ್ಲೋ ಅಂದರೆ ಸಾಸಿವೆ ಬಣ್ಣ. ಡಾರ್ಕ್ ಪಿಂಕ್ ಅಂದರೆ ಢಾಳಾಗಿ ಹೊಡೆಯುವ ಗುಲಾಬಿ. ಯಾವುದೂ ಕಪ್ಪಿನ ಹತ್ತಿರಕ್ಕೂ ಸುಳಿಯುವುದಿಲ್ಲ. ಈ ಬಣ್ಣಗಳಿಗೆ ಡಾರ್ಕ್ ಅಂತ ಬರೆಯದೆ ಡೀಪ್ ಅಂತ ಬರೆಯುವುದೇ ವಾಸಿ.

ವೆಬ್‌ಪುಟ ಬರೆಯುವವರಿಗೆ ಇದರ ತಮಾಷೆ ಚೆನ್ನಾಗಿ ಗೊತ್ತು. ವೆಬ್‌ಪುಟದ ಬಣ್ಣ, ರೂಪ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ‘ಡಾರ್ಕ್ ಆರೆಂಜ್’ ಅನ್ನುವ ಹೆಸರಿಗೆ ಕೆಂಪಿನ ಅಂಶ 255, ಅಂದರೆ ಇರುವುದರಲ್ಲೇ ಗರಿಷ್ಠ. ಇನ್ನೂ ವಿಚಿತ್ರ ಅಂದರೆ ‘ಡಾರ್ಕ್ ಗ್ರೇ’. ಅದರ ಅಂಕಿ 169. ಬರೀ ‘ಗ್ರೇ’ಯ ಅಂಕಿ 128. ಅಂಕಿ ಹೆಚ್ಚಿದಷ್ಟೂ ಬಣ್ಣ ತಿಳಿ. ಡಾರ್ಕ್ ಅನ್ನಿಸಿಕೊಂಡದ್ದು ಮಾಮೂಲಿಗಿಂತ ತಿಳಿಯಾಗಿ ಕೂತಿದೆ! ಎರಡು ಬೇರೆ ಪಟ್ಟಿಗಳು ಸೇರಿದ್ದರಿಂದ ಆದ ಎಡವಟ್ಟು ಇದು. ಎಕ್ಸ್ 11 ಅನ್ನುವ, ಕಂಪ್ಯೂಟರ್ ಪರದೆಯ ಹಳೆಯ ವ್ಯವಸ್ಥೆಯಲ್ಲಿ ಗ್ರೇ 190, ಡಾರ್ಕ್ ಗ್ರೇ 169, ಅಲ್ಲಿ ಲೆಕ್ಕ ಸರಿಯಾಗಿತ್ತು. ವೆಬ್‌ಪುಟ ಬರೆಯುವ ಭಾಷೆಯಾದ ಎಚ್‌ಟಿಎಮ್‌ಎಲ್‌ನವರು ತಮ್ಮದೇ ಗ್ರೇಯನ್ನು 128 ಅಂತ ಇಟ್ಟುಕೊಂಡಿದ್ದರು. ಎರಡನ್ನೂ ಒಟ್ಟಿಗೆ ಸೇರಿಸಿದಾಗ ಹೆಸರು ಉಲ್ಟಾ ಆಯಿತು. ಸರಿ ಮಾಡಿದರೆ ಹಳೆಯ ಪುಟಗಳೆಲ್ಲ ಕೆಡುತ್ತವೆ. ಹಾಗಾಗಿ ಇಂದಿಗೂ ಹಾಗೇ ಇದೆ.

ಮಣ್ಣಿನವರ ಪುಸ್ತಕ

ಕಡು ಬಣ್ಣಗಳನ್ನು ಎಲ್ಲರಿಗಿಂತ ಶಿಸ್ತಾಗಿ ಹೆಸರಿಸುವವರು ಮಣ್ಣು ವಿಜ್ಞಾನಿಗಳು ಅಂತ ನನ್ನ ಅಭಿಪ್ರಾಯ. ಅವರ ಕೈಯಲ್ಲಿ ಮನ್ಸೆಲ್ ಹೆಸರಿನದೇ ಒಂದು ಪುಟ್ಟ ಪುಸ್ತಕ ಇರುತ್ತದೆ. ಪುಟದ ತುಂಬ ಸಣ್ಣ ಸಣ್ಣ ಬಣ್ಣದ ಚೂರು ಅಂಟಿಸಿರುತ್ತಾರೆ, ಪ್ರತಿ ಚೂರಿನ ಕೆಳಗೂ ಒಂದು ತೂತು. ಮಣ್ಣಿನ ಹೆಂಟೆ ಒಡೆದು, ನೀರು ಚಿಮುಕಿಸಿ, ಇನ್ನು ಬಣ್ಣ ಬದಲಾಗುವುದಿಲ್ಲ ಅನ್ನುವಷ್ಟು ತೇವ ಮಾಡಿ, ಪುಟದ ಹಿಂದೆ ಹಿಡಿದು ತೂತಿನಲ್ಲಿ ನೋಡುತ್ತಾರೆ. ಯಾವ ಚೂರಿಗೆ ಹೊಂದಿತೋ ಆ ಹೆಸರು. ಬಿಸಿಲಿನಲ್ಲೇ ನೋಡಬೇಕು, ಕೂಲಿಂಗ್ ಗ್ಲಾಸ್ ತೆಗೆದಿರಬೇಕು.

ವಿಜಯಪುರ, ಗದಗ, ಕಲಬುರಗಿ ಕಡೆಯ ಎರೆ ಮಣ್ಣನ್ನು ನಾವು ಕಪ್ಪು ಮಣ್ಣು ಅಂತಲೇ ಕರೆಯುತ್ತೇವೆ. ಪುಸ್ತಕದ ತೂತಿನಲ್ಲಿ ನೋಡಿದರೆ ಇಂಥ ಮಣ್ಣು ಬಹಳ ಸಲ ‘ಬ್ಲ್ಯಾಕ್’ ಚೂರಿಗೆ ಹೊಂದುವುದಿಲ್ಲ. ‘ವೆರಿ ಡಾರ್ಕ್ ಗ್ರೇ’ಗೋ ‘ವೆರಿ ಡಾರ್ಕ್ ಗ್ರೇಯಿಷ್ ಬ್ರೌನ್’ಗೋ ಹೊಂದುತ್ತದೆ. ಆ ಪುಟದ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಹ್ಯೂ ಒಂದೇ, 10 ವೈಆರ್, ಅಂದರೆ ಹಳದಿ-ಕೆಂಪಿನ ನಡುವಿನದು. ವ್ಯಾಲ್ಯೂ ಒಂದೇ, 3. ಸಾಲಿನ ಎಲ್ಲ ಚೂರೂ ಒಂದೇ ಸಮ ಕಡು. ಬದಲಾಗುವುದು ಕ್ರೋಮಾ ಮಾತ್ರ. ಕ್ರೋಮಾ 1 ಇದ್ದರೆ ವೆರಿ ಡಾರ್ಕ್ ಗ್ರೇ. 2 ಆದರೆ ವೆರಿ ಡಾರ್ಕ್ ಗ್ರೇಯಿಷ್ ಬ್ರೌನ್. 3 ಆದರೆ ಡಾರ್ಕ್ ಬ್ರೌನ್. 4 ಆದರೆ ಡಾರ್ಕ್ ಯೆಲ್ಲೋಯಿಷ್ ಬ್ರೌನ್. ಗ್ರೇ ಮೊದಲು ಯಜಮಾನ ಆಗಿತ್ತು, ಆಮೇಲೆ ‘ಇಷ್’ ಅಂಟಿಸಿಕೊಂಡು ಮುಂದೆ ಸರಿಯಿತು, ಆಮೇಲೆ ಮಾಯವಾಯಿತು, ಅದರ ಜಾಗಕ್ಕೆ ಯೆಲ್ಲೋ ಬಂತು. ಒಂದೇ ಕಡುಪು, ನಾಲ್ಕು ಹೆಸರು. ಕೊನೆಯ ಪದವೇ ಯಜಮಾನ ಅನ್ನುವ ಮಾತು ಇಷ್ಟು ಚೆನ್ನಾಗಿ ಬೇರೆಲ್ಲೂ ಕಾಣಸಿಗುವುದಿಲ್ಲ.

ಪದಗಳ ಸರದಿಯನ್ನೂ ಇಲ್ಲೇ ಗಮನಿಸಿ. ಎಷ್ಟು ಅನ್ನುವುದು ಮೊದಲು: ವೆರಿ. ಆಮೇಲೆ ಕಡುವೋ ತಿಳಿಯೋ: ಡಾರ್ಕ್. ಆಮೇಲೆ ಛಾಯೆ: ಗ್ರೇಯಿಷ್. ಕೊನೆಗೆ ಬಣ್ಣ: ಬ್ರೌನ್. ‘ಗ್ರೇಯಿಷ್ ಡಾರ್ಕ್ ಬ್ರೌನ್’ ಅಂತ ಬರೆದರೆ ಅರ್ಥ ಆದೀತು, ಆದರೆ ಇಂಗ್ಲಿಷ್ ಕಿವಿಗೆ ಅದು ಎಡವಿದ ಹಾಗೆ ಕೇಳುತ್ತದೆ.

ಮಣ್ಣು ಒಣಗಿದಾಗ ಬಣ್ಣ ತಿಳಿಯಾಗುತ್ತದೆ. ತೇವದಲ್ಲಿ ವೆರಿ ಡಾರ್ಕ್ ಗ್ರೇಯಿಷ್ ಬ್ರೌನ್ ಆಗಿದ್ದದ್ದು ಒಣಗಿ ಡಾರ್ಕ್ ಗ್ರೇಯಿಷ್ ಬ್ರೌನ್ ಆಗಬಹುದು. ಅದಕ್ಕೇ ಅವರು ಹೆಸರಿನ ಪಕ್ಕ ‘ಮಾಯ್ಸ್ಟ್’ ಅಥವಾ ‘ಡ್ರೈ’ ಅಂತ ತಪ್ಪದೆ ಬರೆಯುತ್ತಾರೆ. ಬಟ್ಟೆ, ಕಲ್ಲು, ಮರ ಯಾವುದಕ್ಕೂ ಈ ಅಭ್ಯಾಸ ಒಳ್ಳೆಯದು. ಒದ್ದೆ ಗ್ರಾನೈಟ್ ಫೋಟೊ ಹಾಕಿ ‘ಜೆಟ್-ಬ್ಲ್ಯಾಕ್’ ಅಂತ ಮಾರುವವರನ್ನು ನೋಡಿದ್ದೇವೆ.

ಆ ಚಿಕ್ಕ ಗೆರೆ

ಹೈಫನ್ ವಿಷಯಕ್ಕೆ ಬಂದರೆ ಸಂಪಾದಕರೇ ಜಗಳ ಆಡುತ್ತಾರೆ. ಹೆಚ್ಚಿನ ಗೊಂದಲ ತಪ್ಪಿಸುವ ಸೂತ್ರ ಶಿಕಾಗೋ ಶೈಲಿ ಕೈಪಿಡಿಯದು: ಬಣ್ಣದ ಜೋಡಿ ಪದ ನಾಮಪದಕ್ಕಿಂತ ಮುಂದೆ ಬಂದರೆ ಗೆರೆ ಹಾಕಿ, ಹಿಂದೆ ಬಂದರೆ ಬೇಡ. ‘ಎ ರೆಡ್ಡಿಷ್-ಬ್ರೌನ್ ಸ್ಟೋನ್’, ಆದರೆ ‘ದ ಸ್ಟೋನ್ ಈಸ್ ರೆಡ್ಡಿಷ್ ಬ್ರೌನ್’. ಮಣ್ಣಿನ ಪುಸ್ತಕದ ಹೆಸರುಗಳ ನಂತರ ನಾಮಪದವೇ ಬರುವುದಿಲ್ಲ, ಹಾಗಾಗಿ ಅಲ್ಲಿ ಗೆರೆ ಇಲ್ಲ.

ಕಡು ಬಣ್ಣಗಳಲ್ಲಿ ಈ ಗೆರೆ ಬರೀ ಅಲಂಕಾರ ಅಲ್ಲ. ‘ಎ ಡೀಪ್ ಬ್ಲೂ ಪೂಲ್’ ಅಂದರೆ ಏನು? ಕೊಳ ಆಳವಾಗಿದೆಯೋ, ನೀಲಿ ಗಾಢವಾಗಿದೆಯೋ? ‘ಡೀಪ್-ಬ್ಲೂ ಪೂಲ್’ ಅಂತ ಗೆರೆ ಎಳೆದರೆ ಗಾಢ ನೀಲಿ ಅಂತ ಖಾತ್ರಿ, ನೀರು ಮೊಣಕಾಲಿಗೇ ಇರಬಹುದು. ‘ಎ ಡಾರ್ಕ್ ಬ್ರೌನ್ ರೂಮ್’ ಕೂಡ ಹಾಗೇ. ಬೆಳಕಿಲ್ಲದ ಕಂದು ಕೋಣೆಯೋ, ಕಡು ಕಂದು ಬಳಿದ ಕೋಣೆಯೋ? ಅಂಗಿ, ಸೀರೆ, ಕಾರುಗಳಿಗೆ ಇಂಥ ಅನುಮಾನ ಬರುವುದಿಲ್ಲ. ‘ಡಾರ್ಕ್ ಬ್ಲೂ ಶರ್ಟ್’ ಅಂತ ಗೆರೆ ಇಲ್ಲದೆ ಬರೆದರೂ ಯಾರೂ ತಪ್ಪು ತಿಳಿಯುವುದಿಲ್ಲ. ‘ವೆರಿ’ ಪದದ ಪಕ್ಕ ಮಾತ್ರ ಗೆರೆ ಬೇಡ: ‘ಎ ವೆರಿ ಡಾರ್ಕ್ ಬ್ಲೂ ಶರ್ಟ್’.

ಸೀರೆಯವರಿಗೆ ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ‘ಎ ಬ್ಲೂ-ಬ್ಲ್ಯಾಕ್ ಸ್ಯಾರಿ’ ಅಂದರೆ ಇಡೀ ಸೀರೆ ಒಂದೇ ಬಣ್ಣ, ನೀಲಿಗಪ್ಪು. ‘ಎ ಬ್ಲೂ-ಅಂಡ್-ಬ್ಲ್ಯಾಕ್ ಸ್ಯಾರಿ’ ಅಂದರೆ ಒಂದಷ್ಟು ಭಾಗ ನೀಲಿ, ಒಂದಷ್ಟು ಕಪ್ಪು. ಒಂದು ‘ಅಂಡ್’ ಬಿಟ್ಟುಹೋದರೆ ಸೀರೆಯೇ ಬೇರೆ. ಕಡುಪು ಯಾವುದಕ್ಕೆ ಸೇರುತ್ತದೆ ಅನ್ನುವುದೂ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ‘ಎ ಡಾರ್ಕ್ ಗ್ರೀನ್ ಅಂಡ್ ರೆಡ್ ಸ್ಯಾರಿ’ಯಲ್ಲಿ ಕೆಂಪೂ ಕಡುವೇ? ಗೊತ್ತಾಗುವುದಿಲ್ಲ. ಜೋಡಿ ಪದಕ್ಕೆ ಇಷ್ಟೊಂದು ಭಾರ ಹೊರಿಸದೆ ವಾಕ್ಯ ಬಿಡಿಸುವುದೇ ಮೇಲು. ಇಳಕಲ್ ಸೀರೆಗೆ ‘ಎ ಡಾರ್ಕ್-ಗ್ರೀನ್ ಇಳಕಲ್ ಸ್ಯಾರಿ ವಿತ್ ಎ ರೆಡ್ ಪಲ್ಲು’ ಅಂದರೆ ಮೈ ಯಾವುದು, ಸೆರಗು ಯಾವುದು, ಯಾವುದು ಕಡು, ಎಲ್ಲ ಬಂತು.

ಇದ್ದಿಲು, ಮಸಿ, ನಡುರಾತ್ರಿ

ಇಲ್ಲಿವರೆಗೆ ಹೇಳಿದ್ದು ಲೆಕ್ಕದ ಹೆಸರುಗಳು. ಜನ ಜಾಸ್ತಿ ಬಳಸುವುದು ಹೋಲಿಕೆಯ ಹೆಸರುಗಳನ್ನು: ಪಿಚ್-ಬ್ಲ್ಯಾಕ್, ಜೆಟ್-ಬ್ಲ್ಯಾಕ್, ಕೋಲ್-ಬ್ಲ್ಯಾಕ್, ಮಿಡ್‌ನೈಟ್ ಬ್ಲೂ, ಬಾಟಲ್ ಗ್ರೀನ್. ಇವೂ ಕರಾರುವಾಕ್ಕಾಗಿರಬಲ್ಲವು. ಹೋಲಿಕೆಗೆ ಬಂದ ವಸ್ತು ಯಾವುದು ಅಂತ ಗೊತ್ತಿರಬೇಕು ಅಷ್ಟೆ.

ಜೆಟ್ ಅಂದರೆ ವಿಮಾನ ಅಲ್ಲ. ಕೋಟ್ಯಂತರ ವರ್ಷ ನೆಲದಲ್ಲಿ ಹೂತು ಗಟ್ಟಿಯಾದ ಮರ, ತಿಕ್ಕಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಇಂಗ್ಲೆಂಡಿನ ವಿಟ್ಬಿ ಊರು ಇದಕ್ಕೆ ಹೆಸರುವಾಸಿ. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಸೂತಕದ ಒಡವೆಯಾಗಿ ಜೆಟ್ ಧರಿಸಿದಳು, ಆ ಕಾಲದ ಹೆಂಗಸರೂ ಅದನ್ನೇ ಹಿಡಿದರು. ಹಾಗಾಗಿ ಜೆಟ್-ಬ್ಲ್ಯಾಕ್ ಅಂದರೆ ಹೊಳೆಯುವ ಕಪ್ಪು. ಎಣ್ಣೆ ಹಚ್ಚಿದ ಕೂದಲಿಗೆ, ಪಾಲಿಶ್ ಮಾಡಿದ ಕಾರಿಗೆ ಒಪ್ಪುತ್ತದೆ. ಸ್ಲೇಟಿಗೆ, ಕರಿ ಕಂಬಳಿಗೆ ಒಪ್ಪುವುದಿಲ್ಲ. ಅಂಥ ಹೊಳಪಿಲ್ಲದ ಕಪ್ಪಿಗೆ ಸೂಟಿ ಬ್ಲ್ಯಾಕ್ ಇದೆ, ಒಲೆಯ ಮಸಿಯ ಕಪ್ಪು. ಪಿಚ್ ಅಂದರೆ ಡಾಂಬರಿನಂಥ ಅಂಟು. ದೋಣಿಯ ಸಂದುಗಳಿಗೆ ಬಳಿಯುತ್ತಿದ್ದರು. ಪಿಚ್-ಬ್ಲ್ಯಾಕ್ ಅನ್ನು ಇಂದು ಹೆಚ್ಚಾಗಿ ಬಳಸುವುದು ಕತ್ತಲೆಗೆ: ಕರೆಂಟ್ ಹೋದ ಮನೆ, ಅಮಾವಾಸ್ಯೆಯ ರಾತ್ರಿ. ‘ಪಿಚ್-ಬ್ಲ್ಯಾಕ್ ಬ್ಲೌಸ್’ ಅಂದರೆ ನಗು ಬರುತ್ತದೆ. ರೇವನ್ ಅಂದರೆ ಕಾಗೆಯ ಜಾತಿಯ ಹಕ್ಕಿ. ರೇವನ್-ಬ್ಲ್ಯಾಕ್ ಕೂದಲಿಗೇ ಮೀಸಲು ಅನ್ನಬಹುದು, ಅದರಲ್ಲಿ ನೀಲಿ ಮಿಂಚು ಸೇರಿರುತ್ತದೆ.

ನೇವಿ ಬ್ಲೂ ಹೆಸರು ಬಂದದ್ದು ಬ್ರಿಟಿಷ್ ನೌಕಾಪಡೆಯಿಂದ. ಅಲ್ಲಿನ ಅಧಿಕಾರಿಗಳು 1748ರಿಂದ ಕಡು ನೀಲಿ ಸಮವಸ್ತ್ರ ತೊಟ್ಟರು. ಮಿಡ್‌ನೈಟ್ ಬ್ಲೂ ನೇವಿಗಿಂತ ಒಂದು ಮೆಟ್ಟಿಲು ಕೆಳಗೆ, ಕಪ್ಪಿನ ಹೊಸ್ತಿಲಲ್ಲಿ. ಚಾರ್ಕೋಲ್ ಗ್ರೇ ಇದ್ದಿಲಿನದು, ಸ್ಲೇಟ್ ಗ್ರೇಯಲ್ಲಿ ನೀಲಿ ಬೆರೆತಿರುತ್ತದೆ. ಬಾಟಲ್ ಗ್ರೀನ್ ನಮ್ಮ ಅಂಗಡಿಗಳಲ್ಲೂ ನಡೆಯುತ್ತದೆ, ಹೊರದೇಶದಲ್ಲೂ ನಡೆಯುತ್ತದೆ. ಆದರೆ ‘ಎಂಎಸ್ ಬ್ಲೂ’, ‘ರಾಮಾ ಗ್ರೀನ್’ ಗಡಿ ದಾಟುವುದಿಲ್ಲ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯ ನೀಲಿ ಅಂದರೆ ಮಲ್ಲೇಶ್ವರದಲ್ಲಿ ಕಣ್ಣರಳುತ್ತದೆ, ಮ್ಯಾಂಚೆಸ್ಟರ್‌ನಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಹೊರಗಿನವರಿಗೆ ಬರೆಯುವಾಗ ಆ ಹೆಸರನ್ನು ಇಟ್ಟುಕೊಂಡೇ ಪಕ್ಕದಲ್ಲಿ ‘ಎ ಡೀಪ್ ಬ್ಲೂ’ ಅಂತ ಸೇರಿಸಿದರೆ ಆಯಿತು.

ಮೈಬಣ್ಣದ ವಿಷಯ ಬೇರೆ. ಮದುವೆ ಜಾಹೀರಾತಿನ ‘ವೀಟಿಷ್’ ನಮ್ಮ ಕಡೆಯ ಇಂಗ್ಲಿಷಿನಲ್ಲಿ ಮಾತ್ರ ಅರ್ಥವಾಗುವ ಪದ. ಮಣ್ಣಿನವರು ಮಂಕು ಕೆಂಪಿಗೆ ಹೇಳುವ ‘ಡಸ್ಕಿ’ಯನ್ನು ಇಲ್ಲಿ ಹುಡುಗಿಯರ ಮೈಬಣ್ಣಕ್ಕೆ, ಒಳ್ಳೆಯ ಮಾತು ಆಡುವ ನೆಪದಲ್ಲಿ ಬಳಸುತ್ತಾರೆ. ಕಾಫಿ, ಚಾಕೊಲೇಟ್ ಅಂತ ತಿಂಡಿಗೆ ಹೋಲಿಸುವುದನ್ನು ಈಗ ಬಹಳ ಓದುಗರು ಇಷ್ಟಪಡುವುದಿಲ್ಲ, ನನಗೂ ಅದು ಹಿಡಿಸುವುದಿಲ್ಲ. ‘ಡಾರ್ಕ್-ಬ್ರೌನ್ ಸ್ಕಿನ್’ ಅಥವಾ ‘ಶಿ ಈಸ್ ಡಾರ್ಕ್-ಸ್ಕಿನ್ಡ್’ ಅಂತ ನೇರವಾಗಿ ಹೇಳಿದರೆ ಸಾಕು.

ಹೊಳಪು ಬಣ್ಣ ಅಲ್ಲ

ಕೊನೆಯದಾಗಿ, ಜೋಡಿ ಪದಗಳು ಸೋಲುವ ಒಂದು ಜಾಗ. ಸೂರಕ್ಕಿಯ ಜಾತಿಯಲ್ಲಿ ಪರ್ಪಲ್ ಸನ್‌ಬರ್ಡ್ ಗಂಡು ದೂರದಿಂದ ಬರೀ ಕಪ್ಪು. ದಾಸವಾಳದ ಗಿಡದಲ್ಲಿ ಅದು ತಿರುಗಿ ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ನೇರಳೆ, ಇನ್ನೊಂದು ಕೋನದಲ್ಲಿ ನೀಲಿ. ಅದನ್ನು ‘ಪರ್ಪ್ಲಿಷ್ ಬ್ಲ್ಯಾಕ್’ ಅಂದರೆ ತಪ್ಪು. ಪರ್ಪ್ಲಿಷ್ ಬ್ಲ್ಯಾಕ್ ಅಂದರೆ ಬಣ್ಣವೇ ಹಾಗಿದೆ, ಯಾವ ಕಡೆಯಿಂದ ನೋಡಿದರೂ ಹಾಗೇ ಇರುತ್ತದೆ ಅಂತ. ಇಲ್ಲಿ ನೇರಳೆ ಇರುವುದು ಗರಿಯ ಮೇಲಿನ ಹೊಳಪಿನಲ್ಲಿ. ಹಕ್ಕಿ ಬಲ್ಲವರು ಇಂಥ ಕಡೆ ಎರಡನ್ನೂ ಬಿಡಿಸಿ ಬರೆಯುತ್ತಾರೆ: ‘ಬ್ಲ್ಯಾಕ್, ಗ್ಲಾಸ್ಡ್ (glossed) ವಿತ್ ಪರ್ಪಲ್’ ಅಥವಾ ‘ಬ್ಲ್ಯಾಕ್ ವಿತ್ ಎ ಪರ್ಪಲ್ ಶೀನ್’. ಮೂಲ ಬಣ್ಣ ಒಂದು ಕಡೆ, ಹೊಳಪು ‘ವಿತ್’ ಆಚೆ. ಎರಡು ಬಣ್ಣದ ನೂಲಿನಲ್ಲಿ ನೇಯ್ದು, ಅಲುಗಿದಾಗ ಬಣ್ಣ ಬದಲಾಗುವ ರೇಷ್ಮೆಗೂ ಇದೇ ಉಪಾಯ.

ಪಶ್ಚಿಮ ಘಟ್ಟದ ಹಳ್ಳಗಳ ಹತ್ತಿರ ಬೆಳಗಿನ ಜಾವ ಮನುಷ್ಯರ ಹಾಗೆ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್ ಇದಕ್ಕೆ ಒಳ್ಳೆಯ ಅಭ್ಯಾಸ. ಮೈ ನೀಲಿಗಪ್ಪು. ಹಣೆ ಮತ್ತು ಹೆಗಲ ಮೇಲೆ ಮಾತ್ರ ಫಳಫಳ ಹೊಳೆಯುವ ನೀಲಿ ಪಟ್ಟೆ. ನೆರಳಿನಲ್ಲಿ ಆ ಪಟ್ಟೆಯೂ ಕಾಣುವುದಿಲ್ಲ, ಇಡೀ ಹಕ್ಕಿ ಕಾಗೆಯ ಬಣ್ಣ. ‘ಎ ಡಾರ್ಕ್ ಬ್ಲೂ ಬರ್ಡ್’ ಅಂತ ಬರೆದುಕೊಂಡರೆ ಆಮೇಲೆ ಪುಸ್ತಕದಲ್ಲಿ ಹುಡುಕುವಾಗ ಹತ್ತು ಹಕ್ಕಿ ಎದುರಾಗುತ್ತವೆ. ‘ಎ ಬ್ಲೂ-ಬ್ಲ್ಯಾಕ್ ಥ್ರಶ್ ವಿತ್ ಗ್ಲಾಸಿ ಕೋಬಾಲ್ಟ್-ಬ್ಲೂ ಪ್ಯಾಚಸ್ ಆನ್ ದ ಫೋರ್‌ಹೆಡ್ ಅಂಡ್ ಶೋಲ್ಡರ್ಸ್, ಲುಕ್ಸ್ ಆಲ್ ಬ್ಲ್ಯಾಕ್ ಇನ್ ಶೇಡ್’ ಅಂತ ಬರೆದುಕೊಂಡರೆ ಒಂದೇ ಹಕ್ಕಿ ಉಳಿಯುತ್ತದೆ. ಹೊಳಪಿನ ಪದ ಗ್ಲಾಸಿ ಎಲ್ಲಕ್ಕಿಂತ ಮುಂದೆ ನಿಂತಿದೆ, ಅದಕ್ಕೂ ಬಣ್ಣಕ್ಕೂ ನಡುವೆ ಗೆರೆ ಇಲ್ಲ.